ಕೂಗುವ ಪಾತ್ರೆ

ಅಡುಗೆಮನೆಯ ಉಪಕರಣಗಳಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಿರೆಂದರೆ,
ತಾವು ಯಾವುದನ್ನು ಆರಿಸುವಿರಿ?

ನನ್ನ ಮತವಾದರೋ ಕುಕ್ಕರಿಗೆ;
ಮಿಕ್ಸಿಯ ಅಭಿಮಾನಿಗಳು ಕ್ಷಮಿಸಬೇಕು.

ತೆರೆದ ಪಾತ್ರೆಯ ನೀರು,
ಎಷ್ಟೇ ಉರಿ ಹಾಕಿದರೂ,
ಸಮುದ್ರಮಟ್ಟದಲ್ಲಿ 100 ಡಿಗ್ರಿಯನ್ನು ಮೀರದು;
ಎತ್ತರದ ಬೆಂಗಳೂರಿನಲ್ಲಂತೂ 97ರ ಆಸುಪಾಸಿನಲ್ಲಿಯೇ ಕುದಿದು,
ತೊಗರಿಬೇಳೆ ಬೇಯಿಸುವವರ ತಾಳ್ಮೆಯನ್ನು ಪರೀಕ್ಷಿಸುವುದು.

ಆದರೆ, ಬಿಗಿದ ಮುಚ್ಚಳದೊಳಗೆ ಬಂಧಿತವಾದ ಹಬೆಯು
ಒತ್ತಡವನ್ನೇರಿಸಲು,
ನೀರು ಸುಮಾರು 120 ಡಿಗ್ರಿಯವರೆಗೂ ಕಾಯ್ದು,
ಅದೇ ಬೇಳೆಯನ್ನು ಶೀಘ್ರವಾಗಿ ಮೆತ್ತಗಾಗಿಸುವುದು.

ಮೇಲಿನ ವೆಯ್ಟು ಅರಮನೆಯ ದ್ವಾರಪಾಲಕನಂತೆ,
ಮಿತಿಮೀರಿದ ಹಬೆಯನ್ನಷ್ಟೇ ಹೊರಬಿಡುವುದು;
ನಾವೆಣಿಸುವ ಕೂಗು ಆ ನಿರ್ಗಮನದ ಧ್ವನಿ.

1679ರಲ್ಲಿ ಡೆನಿ ಪಪೆನ್ ಎಂಬ ಫ್ರೆಂಚ್ ವಿದ್ವಾಂಸನು
ಲಂಡನ್ನಿನಲ್ಲಿ ರಚಿಸಿದ ಕುಕ್ಕರಿನ ಪೂರ್ವರೂಪವು
ಮೂಳೆಗಳನ್ನೇ ಮೆದುವಾಗಿಸುತ್ತಿದ್ದಿತು!

ಮೊದಲ ಕೂಗಾದೊಡನೆ ಉರಿಯನ್ನು ತಗ್ಗಿಸಿರಿ;
ಹೆಚ್ಚಿನ ಉರಿಯು ಹಬೆಯಾಗಿ ಹೊರಹೋಗುವುದೇ ಹೊರತು
ಬೇಳೆಯನ್ನು ಮುಟ್ಟದು.