ಸರ್ಜಿಕಲ್ ಟೆಕ್ ಆಗಿ ದುಡಿದು ಡಾಕ್ಟರಾಗುವ ಲೆಕ್ಕ

ಅಮೆರಿಕದ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಕೈಗೆ ಕತ್ತರಿ, ಕ್ಲ್ಯಾಂಪು ಎತ್ತಿಕೊಡುವ ಸರ್ಜಿಕಲ್ ಟೆಕ್‌ಗೆ 2023ರ ಸರ್ಕಾರಿ ಅಂಕಿಯಂತೆ ವರ್ಷದ ಮಧ್ಯಾಂಕ ಸಂಬಳ 60,610 ಡಾಲರ್. ವೈದ್ಯರದು 2,39,200 ಡಾಲರ್ ಅಥವಾ ಅದಕ್ಕೂ ಮೇಲೆ. ಇಬ್ಬರೂ ನಿಲ್ಲುವುದು ಒಂದೇ ಮೇಜಿನ ಪಕ್ಕದಲ್ಲಿ. ಈ ಬದಿಯಲ್ಲಿ ಒಂದೆರಡು ವರ್ಷ ನಿಂತು ಆ ಬದಿಗೆ ದಾಟೋಣ ಎಂದು ಯೋಚಿಸುವ ಹುಡುಗ ಹುಡುಗಿಯರು ಅಲ್ಲಿದ್ದಾರೆ. ನಮ್ಮ ನೀಟ್‌ನ 720 ಅಂಕಗಳಲ್ಲಿ ದುಡಿಮೆಗೆ ಒಂದೂ ಇಲ್ಲ. ಅಲ್ಲಿ ಹಾಗಲ್ಲ, ಪದವಿ ಮುಗಿಸಿ ಬಂದವರು ಆಸ್ಪತ್ರೆಯಲ್ಲಿ ಏನು ಮಾಡಿದ್ದಾರೆಂದು ವೈದ್ಯಕೀಯ ಕಾಲೇಜುಗಳು ಕೇಳುತ್ತವೆ.

ಟೆಕ್ ಆಗುವುದಕ್ಕೇ ಮೊದಲು ಸಮಯ ಸುರಿಯಬೇಕು. ಸರ್ಟಿಫಿಕೇಟ್ ಕೋರ್ಸ್ ಸುಮಾರು ಒಂದು ವರ್ಷ, ಅಸೋಸಿಯೇಟ್ ಪದವಿಯಾದರೆ ಎರಡು. ಕಲಿಯುವಾಗಲೇ 120 ಶಸ್ತ್ರಚಿಕಿತ್ಸೆಗಳಲ್ಲಿ ಪಾಲ್ಗೊಳ್ಳಬೇಕು, ಆಮೇಲೆ 175 ಪ್ರಶ್ನೆಗಳ ಸರ್ಟಿಫಿಕೇಷನ್ ಪರೀಕ್ಷೆ. ರೋಗಿಗಳ ಒಡನಾಟವಷ್ಟೇ ಬೇಕೆಂದರೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಇದೆ. ಅದಕ್ಕೆ ಅಮೆರಿಕದ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಅವಧಿ 75 ಗಂಟೆ. ಸಂಬಳ ಕಡಿಮೆ, ನಿಜ. ಆದರೆ ಅಲ್ಲಿ ರೋಗಿ ಎಚ್ಚರವಾಗಿರುತ್ತಾನೆ.

ಇದು ಸಣ್ಣ ಮಾತಲ್ಲ. ಟೆಕ್‌ನ ಮುಂದಿರುವ ರೋಗಿ ಬಹುಪಾಲು ಅರಿವಳಿಕೆಯಲ್ಲಿ ಮಲಗಿರುತ್ತಾನೆ. ಅಂಗರಚನೆ ಕಣ್ಣೆದುರೇ ತೆರೆದುಕೊಳ್ಳುತ್ತದೆ; ಒತ್ತಡದಲ್ಲಿ ಸರ್ಜನ್ ಹೇಗೆ ಯೋಚಿಸುತ್ತಾರೆ, ಹೇಗೆ ಸಿಡುಕುತ್ತಾರೆ ಎರಡೂ ತಿಳಿಯುತ್ತವೆ. ಹೊಲಿಗೆ ಹಾಕುವ ಮೊದಲು ಸ್ಪಾಂಜು, ಸೂಜಿಗಳನ್ನು ಮತ್ತೆ ಮತ್ತೆ ಎಣಿಸುವ ಶಿಸ್ತು ಮೈಗೂಡುತ್ತದೆ. ಹೆದರಿದ ಮನುಷ್ಯನೊಬ್ಬನಿಗೆ ಧೈರ್ಯ ಹೇಳುವ ಅವಕಾಶ ಮಾತ್ರ ಅಪರೂಪ. ಕಾಲೇಜಿನ ಸಂದರ್ಶನದಲ್ಲಿ ಇಂಥ ಅನುಭವವನ್ನೂ ಕೇಳಬಹುದು.

ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ 2,000 ಗಂಟೆ. ವೈದ್ಯಕೀಯ ಕಾಲೇಜಿನ ಅರ್ಜಿಯಲ್ಲಿ ಒಂದು ಅನುಭವಕ್ಕೆ ಸಿಗುವ ಜಾಗ 700 ಇಂಗ್ಲಿಷ್ ಅಕ್ಷರ. ಅತಿ ಮಹತ್ವದ ಮೂರರಲ್ಲಿ ಒಂದೆಂದು ಗುರುತಿಸಿದರೆ ಇನ್ನೂ 1,325. ಗಂಟೆಗೊಂದು ಅಕ್ಷರ ಎನ್ನಿ! 2023ರಲ್ಲಿ ಅರ್ಜಿ ಹಾಕಿದವರು 52,577, ಸೇರಿದವರು 22,981. ಹಾಗೆ ಸೇರಿದವರ ಸರಾಸರಿ ಎಂಕ್ಯಾಟ್ (ಅಲ್ಲಿನ ವೈದ್ಯಕೀಯ ಪ್ರವೇಶ ಪರೀಕ್ಷೆ) ಅಂಕ 511.7, ಜಿಪಿಎ (ಪದವಿಯ ಗ್ರೇಡುಗಳ ಸರಾಸರಿ) 3.77. ಥಿಯೇಟರಿನ ಗಂಟೆಗಳು ಈ ಎರಡು ಸಂಖ್ಯೆಗಳನ್ನು ಎತ್ತುವುದಿಲ್ಲ. ರಾತ್ರಿ ಆನ್‌ಕಾಲ್ ಡ್ಯೂಟಿ ಮುಗಿಸಿ ಏಳೂವರೆ ಗಂಟೆಯ ಪರೀಕ್ಷೆಗೆ ಓದುವವರಿಗೆ ಅವು ಇಳಿದರೂ ಇಳಿಯಬಹುದು. ಕ್ರೆಡಿಟ್ ಇರುವ ಟೆಕ್ ಕೋರ್ಸಿನ ಗ್ರೇಡುಗಳೂ ಅರ್ಜಿಯ ಜಿಪಿಎ ಲೆಕ್ಕಕ್ಕೆ ಸೇರುತ್ತವೆ ಎಂಬುದು ನೆನಪಿರಲಿ.

ಅರ್ಜಿಯ ಖರ್ಚು ಹೆದರಿಸುವಷ್ಟೇನಿಲ್ಲ. 2024ರ ದರದಂತೆ ಮೊದಲ ಕಾಲೇಜಿಗೆ 175 ಡಾಲರ್, ನಂತರದ ಒಂದೊಂದಕ್ಕೆ 46. ಇಪ್ಪತ್ತು ಕಾಲೇಜಿಗೆ 1,049. ಎಂಕ್ಯಾಟ್‌ಗೆ 335. ಎರಡನೇ ಸುತ್ತಿನ ಅರ್ಜಿಗಳಿಗೆ ತಲಾ ನೂರರಂತೆ ಹಿಡಿದರೂ ಒಟ್ಟು 3,400 ಡಾಲರ್ ಆಸುಪಾಸು. ಟೆಕ್‌ನ ತಿಂಗಳ ಸಂಬಳ, ತೆರಿಗೆಗೆ ಮುಂಚೆ, ಸುಮಾರು 5,050. ಅಂದರೆ ಒಂದು ತಿಂಗಳ ದುಡಿಮೆ ಇದಕ್ಕೆ ಸಾಕು.

ದೊಡ್ಡ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಒಂದು ವರ್ಷ ತರಬೇತಿ, ಒಂದು ವರ್ಷ ಕೆಲಸ ಎಂದರೆ ವೈದ್ಯವೃತ್ತಿಯಿಂದ ಎರಡು ವರ್ಷ ಕಳೆದಂತೆ. ಮೇಲಿನ ಮಧ್ಯಾಂಕವನ್ನೇ ಹಿಡಿದರೆ 4,78,400 ಡಾಲರ್. ಅದರಲ್ಲಿ ಟೆಕ್ ಆಗಿ ಗಳಿಸಿದ್ದನ್ನು ಕಳೆದರೆ 4,17,790. ಕೋರ್ಸಿನ ಫೀ ಬೇರೆ. 2023ರಲ್ಲಿ ಸಾಲ ಹೊತ್ತು ಹೊರಬಂದ ವೈದ್ಯ ಪದವೀಧರರ ಮಧ್ಯಾಂಕ ಸಾಲ 2,00,000 ಡಾಲರ್ ಇತ್ತು. ಅದರ ಎರಡರಷ್ಟಕ್ಕಿಂತ ಹೆಚ್ಚು ಈ ನಷ್ಟ.

ಈಗಾಗಲೇ ಟೆಕ್ ಆಗಿರುವವರಿಗೆ ಈ ಲೆಕ್ಕ ಅನ್ವಯಿಸದು. ಅವರ ಅನುಭವಕ್ಕೆ ಬೆಲೆ ಇದೆ, ಧೈರ್ಯವಾಗಿ ಅರ್ಜಿ ಹಾಕಲಿ. ಅರ್ಜಿಯ ಅಂದಕ್ಕಾಗಿಯೇ ಹೊಸದಾಗಿ ಟೆಕ್ ಕೋರ್ಸಿಗೆ ಸೇರಲು ಹೊರಟವರು ಮಾತ್ರ 75 ಗಂಟೆಯ ದಾರಿಯನ್ನು ಮೊದಲು ನೋಡುವುದು ಒಳ್ಳೆಯದು.