ನಕ್ಷತ್ರಗಳ ಲಿಪಿ

ಸೂರ್ಯನು ಭೂಮಿಯಿಂದ ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿದ್ದಾನೆ. ಉಳಿದ ನಕ್ಷತ್ರಗಳ ದೂರವಂತೂ ಊಹೆಗೂ ನಿಲುಕದಷ್ಟು. ಅವುಗಳ ಒಂದು ಹಿಡಿ ವಸ್ತುವನ್ನು ತಂದು ಪ್ರಯೋಗಶಾಲೆಯಲ್ಲಿಟ್ಟು ಪರೀಕ್ಷಿಸುವಂತಿಲ್ಲ. ಆದ್ದರಿಂದಲೇ ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಆಗಸ್ಟ್ ಕೋಂತ್ 1835ರಲ್ಲಿ ಒಂದು ಮಾತನ್ನು ಖಚಿತವಾಗಿ ಹೇಳಿದರು: ನಕ್ಷತ್ರಗಳ ಆಕಾರ, ದೂರ, ಚಲನೆಗಳನ್ನು ಮನುಷ್ಯನು ತಿಳಿಯಬಹುದು, ಅವು ಯಾವ ವಸ್ತುಗಳಿಂದಾಗಿವೆ ಎಂಬುದನ್ನು ಮಾತ್ರ ಎಂದೆಂದಿಗೂ ತಿಳಿಯಲಾರನು.

ಈ ಮಾತು ಸುಳ್ಳಾಗಲು ಕಾಲು ಶತಮಾನವೂ ಬೇಕಾಗಲಿಲ್ಲ. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಏಳು ಬಣ್ಣಗಳ ಪಟ್ಟಿಯಾಗಿ ಹರಡುತ್ತದೆ. ಇದಕ್ಕೆ ರೋಹಿತವೆಂದು ಹೆಸರು. ಈ ಪಟ್ಟಿಯ ಉದ್ದಕ್ಕೂ ನೂರಾರು ಕಪ್ಪು ರೇಖೆಗಳಿರುವುದನ್ನು ಜರ್ಮನಿಯ ಫ್ರಾನ್‌ಹೋಫರ್ 1814ರಲ್ಲಿ ಕಂಡಿದ್ದರು. ಅವುಗಳ ಅರ್ಥವನ್ನು ಬಿಡಿಸಿದವರು ಕಿರ್ಖಾಫ್ ಮತ್ತು ಬುನ್ಸನ್. ಉರಿಯುವ ಒಲೆಗೆ ಚಿಟಿಕೆ ಉಪ್ಪನ್ನು ಎರಚಿದರೆ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ನೋಡಬಹುದು. ಅದು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಬಣ್ಣ. ಹೀಗೆಯೇ ಪ್ರತಿಯೊಂದು ಧಾತುವಿಗೂ ತನ್ನದೇ ಆದ ರೇಖೆಗಳುಂಟು. ಕಾದ ಅನಿಲ ಯಾವ ರೇಖೆಗಳನ್ನು ಬೆಳಗುತ್ತದೆಯೋ ಅವೇ ರೇಖೆಗಳನ್ನು ತಂಪಾದ ಅನಿಲ ತನ್ನ ಮೂಲಕ ಹಾಯುವ ಬೆಳಕಿನಿಂದ ಹೀರಿಕೊಳ್ಳುತ್ತದೆ. ಈ ತತ್ತ್ವವನ್ನು 1859ರಲ್ಲಿ ಅವರು ಸ್ಥಾಪಿಸಿದರು. ಸೂರ್ಯನ ಕಪ್ಪು ರೇಖೆಗಳೆಂದರೆ ಅಲ್ಲಿರುವ ಧಾತುಗಳ ಸಹಿಗಳು. ಇದೇ ಉಪಾಯದಿಂದ ಅವರು ಭೂಮಿಯ ಮೇಲೆಯೇ ಎರಡು ಹೊಸ ಲೋಹಗಳನ್ನು ಕಂಡುಹಿಡಿದರು: 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ.

ಹೀಗೆ ನಕ್ಷತ್ರಗಳ ಲಿಪಿಯ ಅಕ್ಷರಗಳು ದೊರಕಿದವು. ಆದರೆ ಅಕ್ಷರ ಬಲ್ಲವರಿಗೆಲ್ಲ ಅರ್ಥ ತಿಳಿಯುವುದಿಲ್ಲ. ಸೂರ್ಯನ ರೋಹಿತದಲ್ಲಿ ಕ್ಯಾಲ್ಸಿಯಂ ರೇಖೆಗಳು ಎಲ್ಲಕ್ಕಿಂತ ದಟ್ಟವಾಗಿ ಕಾಣುತ್ತವೆ. ಹಾಗಾದರೆ ಸೂರ್ಯನಲ್ಲಿ ಕ್ಯಾಲ್ಸಿಯಂ ಅಷ್ಟು ವಿಪುಲವಾಗಿದೆಯೇ? ಸೋಡಿಯಂನ ರೇಖೆಗಳಿವೆ, ಅದೇ ಕುಟುಂಬಕ್ಕೆ ಸೇರಿದ ರುಬಿಡಿಯಂ, ಸೀಸಿಯಂಗಳ ಸುಳಿವೇ ಇಲ್ಲ, ಅವು ಸೂರ್ಯನಲ್ಲಿ ಇಲ್ಲವೇ ಇಲ್ಲವೇ? ಈ ಪ್ರಶ್ನೆಗಳಿಗೆ ಅರವತ್ತು ವರ್ಷಗಳ ಕಾಲ ಸರಿಯಾದ ಉತ್ತರ ದೊರೆಯಲಿಲ್ಲ. ಉತ್ತರ ಅಡಗಿದ್ದುದು ಆಕಾಶದಲ್ಲಲ್ಲ, ಕಣ್ಣಿಗೆ ಕಾಣದ ಪರಮಾಣುವಿನೊಳಗೆ.

ಪರಮಾಣು ಒಡೆಯಲಾಗದ ಗಟ್ಟಿ ಕಣವೆಂದು ಹಿಂದೆ ನಂಬಿದ್ದರು. 1897ರಲ್ಲಿ ಜೆ. ಜೆ. ಥಾಮ್ಸನ್ ಅದಕ್ಕಿಂತಲೂ ಬಹಳ ಹಗುರವಾದ, ಋಣ ವಿದ್ಯುತ್ತನ್ನು ಹೊತ್ತ ಎಲೆಕ್ಟ್ರಾನನ್ನು ಕಂಡುಹಿಡಿದರು. 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಒಂದು ನ್ಯೂಕ್ಲಿಯಸ್ ಇದೆಯೆಂದೂ, ಪರಮಾಣುವಿನ ತೂಕವೆಲ್ಲ ಬಹುಮಟ್ಟಿಗೆ ಅಲ್ಲಿಯೇ ಅಡಕವಾಗಿದೆಯೆಂದೂ ತೋರಿಸಿದರು. ನ್ಯೂಕ್ಲಿಯಸ್ಸನ್ನು ಒಂದು ರಾಗಿಕಾಳೆಂದು ಭಾವಿಸಿದರೆ, ಪರಮಾಣು ಒಂದು ದೊಡ್ಡ ಆಟದ ಬಯಲಿನಷ್ಟು ಅಗಲವಾಗುತ್ತದೆ. ಆ ಬಯಲಿನಲ್ಲಿರುವವು ಎಲೆಕ್ಟ್ರಾನುಗಳು ಮಾತ್ರ.

ಈ ಎಲೆಕ್ಟ್ರಾನುಗಳು ಮನಬಂದಂತೆ ಇರುವುದಿಲ್ಲ. ಅವುಗಳಿಗೆ ನಿಗದಿಯಾದ ಶಕ್ತಿಮಟ್ಟಗಳಿವೆಯೆಂದು 1913ರಲ್ಲಿ ನೀಲ್ಸ್ ಬೋರ್ ಪ್ರತಿಪಾದಿಸಿದರು. ಬೋರರು ಭಾವಿಸಿದಂತೆ ಎಲೆಕ್ಟ್ರಾನು ಗ್ರಹದ ಹಾಗೆ ಒಂದು ಗೆರೆಯ ಮೇಲೆ ಸುತ್ತುವುದಿಲ್ಲವೆಂದು ಈಗ ತಿಳಿದಿದೆ. ಅದು ಮೋಡದಂತೆ ಹರಡಿದ ಒಂದು ಪ್ರದೇಶದಲ್ಲಿ ಇರುತ್ತದೆ. ಆದರೆ ಶಕ್ತಿಮಟ್ಟಗಳ ಮಾತು ಇಂದಿಗೂ ನಿಂತಿದೆ. ಈ ಮಟ್ಟಗಳ ಗುಂಪುಗಳಿಗೆ ಕವಚಗಳೆಂದು ಹೆಸರು. ಮೊದಲನೆಯ ಕವಚದಲ್ಲಿ ಎರಡು ಎಲೆಕ್ಟ್ರಾನುಗಳಿಗೆ, ಎರಡನೆಯದರಲ್ಲಿ ಎಂಟಕ್ಕೆ ಸ್ಥಳವುಂಟು. ಸೋಡಿಯಂ ಪರಮಾಣುವಿನಲ್ಲಿ ಹನ್ನೊಂದು ಎಲೆಕ್ಟ್ರಾನುಗಳು. ಎರಡು, ಎಂಟು ತುಂಬಿದ ಮೇಲೆ ಉಳಿಯುವುದು ಒಂದು. ಅದು ಮೂರನೆಯ ಕವಚದಲ್ಲಿ ಒಂಟಿಯಾಗಿರುತ್ತದೆ. ಎಲೆಕ್ಟ್ರಾನುಗಳ ಈ ಹಂಚಿಕೆಯೇ ಎಲೆಕ್ಟ್ರಾನ್ ವಿನ್ಯಾಸ. ಎಲೆಕ್ಟ್ರಾನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರುವಾಗ ಬೆಳಕನ್ನು ಹೀರುತ್ತದೆ, ಇಳಿಯುವಾಗ ಚೆಲ್ಲುತ್ತದೆ. ರೋಹಿತದ ರೇಖೆಗಳು ಹುಟ್ಟುವುದು ಹೀಗೆ.

ಹೊರಗಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರುವುದಷ್ಟೇ ಅಲ್ಲ, ಪರಮಾಣುವನ್ನು ಬಿಟ್ಟೇ ಹೋಗಬಹುದು. ಆಗ ಉಳಿಯುವುದು ಧನ ವಿದ್ಯುತ್ತಿನ ಅಯಾನು. ಹೀಗೆ ಒಂದು ಎಲೆಕ್ಟ್ರಾನನ್ನು ಕಿತ್ತು ಹೊರಹಾಕಲು ಬೇಕಾದ ಶಕ್ತಿಗೆ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಅದರ ಅಳತೆ ಎಲೆಕ್ಟ್ರಾನ್‌ವೋಲ್ಟುಗಳಲ್ಲಿ. ಒಂದು ವೋಲ್ಟಿನ ವಿದ್ಯುತ್ ಒತ್ತಡಕ್ಕೆ ಒಳಗಾದ ಎಲೆಕ್ಟ್ರಾನು ಗಳಿಸುವ ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್.

ಪರಮಾಣುವಿನಲ್ಲಿ ಕವಚಗಳಿವೆ ಎಂಬುದಕ್ಕೆ ಅಯಾನೀಕರಣ ಶಕ್ತಿಯೇ ಸಾಕ್ಷಿ. ಮೆಗ್ನೀಸಿಯಂ ಪರಮಾಣುವಿನ ಹೊರ ಕವಚದಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಮೊದಲನೆಯದನ್ನು ಕೀಳಲು 7.65, ಎರಡನೆಯದಕ್ಕೆ 15.04 ಎಲೆಕ್ಟ್ರಾನ್‌ವೋಲ್ಟು ಸಾಕು. ಮೂರನೆಯದಕ್ಕೆ ಕೈಹಾಕಿದರೆ ಒಮ್ಮೆಲೇ 80 ಬೇಕು! ಏಕೆಂದರೆ ಅದು ಒಳಗಿನ ತುಂಬಿದ ಕವಚಕ್ಕೆ ಸೇರಿದ್ದು.

ಆವರ್ತ ಕೋಷ್ಟಕದಲ್ಲಿ ಈ ಶಕ್ತಿ ಒಂದು ಕ್ರಮದಲ್ಲಿ ಏರಿಳಿಯುತ್ತದೆ. ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಒಟ್ಟಿನಲ್ಲಿ ಹೆಚ್ಚುತ್ತದೆ: ಲಿಥಿಯಂಗೆ 5.39, ಇಂಗಾಲಕ್ಕೆ 11.26, ನಿಯಾನಿಗೆ 21.56. ನ್ಯೂಕ್ಲಿಯಸ್ಸಿನ ಧನ ವಿದ್ಯುತ್ತು ಹೆಚ್ಚುತ್ತ ಹೋಗುತ್ತದೆ, ಹೊಸ ಎಲೆಕ್ಟ್ರಾನುಗಳು ಅದೇ ಕವಚಕ್ಕೆ ಸೇರುವುದರಿಂದ ಒಂದನ್ನೊಂದು ಹೆಚ್ಚಾಗಿ ಮರೆಮಾಡಲಾರವು, ಹಿಡಿತ ಬಿಗಿಯಾಗುತ್ತದೆ. ಈ ಏರಿಕೆಯ ನಡುವೆ ಎರಡು ಸಣ್ಣ ಇಳಿತಗಳೂ ಇವೆ. ಬೆರಿಲಿಯಂಗಿಂತ ಬೋರಾನಿನದು, ಸಾರಜನಕಕ್ಕಿಂತ ಆಮ್ಲಜನಕದ್ದು ಕಡಿಮೆ. ಕವಚದೊಳಗೂ ಉಪಕವಚಗಳಿವೆ. ಬೋರಾನಿನ ಕೊನೆಯ ಎಲೆಕ್ಟ್ರಾನು ತುಸು ಮೇಲಿನ ಉಪಕವಚದಲ್ಲಿದೆ. ಆಮ್ಲಜನಕದಲ್ಲಿ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಳವನ್ನು ಹಂಚಿಕೊಂಡು ಒಂದನ್ನೊಂದು ದೂಡುತ್ತವೆ. ಆದ್ದರಿಂದ ಅಲ್ಲಿ ಹಿಡಿತ ಸಡಿಲ.

ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದರೆ ಅಯಾನೀಕರಣ ಶಕ್ತಿ ಕಡಿಮೆಯಾಗುತ್ತದೆ: ಲಿಥಿಯಂ 5.39, ಸೋಡಿಯಂ 5.14, ಪೊಟ್ಯಾಸಿಯಂ 4.34, ರುಬಿಡಿಯಂ 4.18, ಸೀಸಿಯಂ 3.89. ಇವೆಲ್ಲ ಹೊರಗೆ ಒಂದೇ ಎಲೆಕ್ಟ್ರಾನುಳ್ಳ ಕ್ಷಾರ ಲೋಹಗಳು. ಕೆಳಗಿಳಿದಂತೆ ಆ ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನಿಂದ ದೂರವಾಗುತ್ತದೆ. ಒಳಗಿನ ಕವಚಗಳು ತೆರೆಯಂತೆ ನಡುವೆ ನಿಲ್ಲುತ್ತವೆ. ಹಿಡಿತ ಎಲ್ಲಕ್ಕಿಂತ ಬಿಗಿಯಾಗಿರುವುದು ಹೀಲಿಯಂನಲ್ಲಿ. ಅದರ ಅಯಾನೀಕರಣ ಶಕ್ತಿ 24.59.

ಈ ಸಣ್ಣ ಅಂಕಿಗಳೇ ನಕ್ಷತ್ರಗಳ ಲಿಪಿಗೆ ಬೀಗದ ಕೈ ಎಂಬುದನ್ನು ಕಂಡವರು ಮೇಘನಾದ ಸಹಾ. ಅವರು 1893ರಲ್ಲಿ ಢಾಕಾ ಬಳಿಯ ಶೇವಡಾತಲಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯದು ಸಣ್ಣ ದಿನಸಿ ಅಂಗಡಿ; ಮಗನನ್ನು ಓದಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಬಾಲಕ ಮೇಘನಾದ ದೂರದ ಊರಿನಲ್ಲಿ ವೈದ್ಯರೊಬ್ಬರ ಮನೆಯ ಆಶ್ರಯದಲ್ಲಿದ್ದುಕೊಂಡು ಓದಿದನು. 1905ರಲ್ಲಿ ಬಂಗಾಳದ ವಿಭಜನೆಯಾದಾಗ ಗವರ್ನರರ ಭೇಟಿಯನ್ನು ಪ್ರತಿಭಟಿಸಿದವರಲ್ಲಿ ಅವನೂ ಒಬ್ಬನಾಗಿ, ಶಾಲೆಯನ್ನೂ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡನು. ಆದರೂ ಓದು ನಿಲ್ಲಲಿಲ್ಲ. ಕಲ್ಕತ್ತೆಯಲ್ಲಿ ಉನ್ನತ ವ್ಯಾಸಂಗ ಮುಗಿಸಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಅಧ್ಯಾಪಕರಾದರು.

ಸಹಾ ಅವರ ಆಲೋಚನೆ ಸರಳವಾಗಿತ್ತು. ಸುಣ್ಣದ ಗೂಡಿನಲ್ಲಿ ಸುಣ್ಣಕಲ್ಲನ್ನು ಕಾಯಿಸಿದರೆ ಅದು ಸುಣ್ಣವಾಗಿಯೂ ಅನಿಲವಾಗಿಯೂ ಬೇರ್ಪಡುತ್ತದೆ. ಎಷ್ಟು ಬೇರ್ಪಡುತ್ತದೆಂಬುದು ಕಾವನ್ನೂ ಒತ್ತಡವನ್ನೂ ಅವಲಂಬಿಸಿದೆ. ಪರಮಾಣು ಅಯಾನಾಗಿಯೂ ಎಲೆಕ್ಟ್ರಾನಾಗಿಯೂ ಒಡೆಯುವುದನ್ನು ಇಂಥದೇ ಒಂದು ರಾಸಾಯನಿಕ ಕ್ರಿಯೆಯೆಂದು ಏಕೆ ಎಣಿಸಬಾರದು? ಕಾವು ಹೆಚ್ಚಿದಷ್ಟೂ ಪರಮಾಣುಗಳು ರಭಸದಿಂದ ಡಿಕ್ಕಿ ಹೊಡೆದು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಒತ್ತಡ ಕಡಿಮೆಯಾದಷ್ಟೂ, ಬಿಡುಗಡೆ ಹೊಂದಿದ ಎಲೆಕ್ಟ್ರಾನಿಗೆ ಮತ್ತೊಂದು ಅಯಾನು ಎದುರಾಗುವುದು ವಿರಳವಾಗಿ, ಅವು ಮರಳಿ ಕೂಡಿಕೊಳ್ಳುವುದು ತಡವಾಗುತ್ತದೆ. ಕಾವು, ಒತ್ತಡ, ಅಯಾನೀಕರಣ ಶಕ್ತಿ ಈ ಮೂರನ್ನು ಬಲ್ಲವರು, ನೂರು ಪರಮಾಣುಗಳಲ್ಲಿ ಎಷ್ಟು ಅಯಾನುಗಳಾಗಿವೆಯೆಂದು ಲೆಕ್ಕ ಹಾಕಬಹುದು. 1920ರಲ್ಲಿ ಪ್ರಕಟವಾದ ಈ ಲೆಕ್ಕವೇ ಸಹಾ ಸಮೀಕರಣವೆಂದು ಹೆಸರಾಯಿತು.

ಈಗ ಹಳೆಯ ಪ್ರಶ್ನೆಗಳ ಗಂಟು ಬಿಚ್ಚಿಕೊಂಡಿತು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಸೆಲ್ಸಿಯಸ್ ಡಿಗ್ರಿ. ಆ ಕಾವಿನಲ್ಲಿ ರುಬಿಡಿಯಂ, ಸೀಸಿಯಂಗಳ ಸಡಿಲವಾದ ಹೊರ ಎಲೆಕ್ಟ್ರಾನು ಬಹುಮಟ್ಟಿಗೆ ಕಳಚಿಹೋಗಿರುತ್ತದೆ. ಉಳಿದ ಅಯಾನಿನಲ್ಲಿ ಹೊರಗವಚ ಬಿಗಿಯಾಗಿ ಮುಚ್ಚಿರುವುದರಿಂದ ಅದು ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ. ಅವು ಸೂರ್ಯನಲ್ಲಿ ಇಲ್ಲವೆಂದಲ್ಲ, ಅವುಗಳ ಸಹಿ ಅಳಿಸಿಹೋಗಿದೆ. ಸೂರ್ಯನ ಕಲೆಗಳು ಸುತ್ತಲಿನ ಪ್ರದೇಶಕ್ಕಿಂತ ತಂಪಾದವು. ಅಲ್ಲಿ ಹುಡುಕಿದರೆ ರುಬಿಡಿಯಂ ಸಿಕ್ಕೀತು ಎಂದು ಸಹಾ ಸೂಚಿಸಿದರು. 1922ರಲ್ಲಿ ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಸೂರ್ಯಕಲೆಗಳ ರೋಹಿತದಲ್ಲಿ ಅದರ ರೇಖೆಗಳನ್ನು ಕಂಡು, ಆ ಸೂಚನೆ ನಿಜವೆಂದು ತೋರಿಸಿದರು.

ಕ್ಯಾಲ್ಸಿಯಂನ ಒಗಟೂ ಹೀಗೆಯೇ ಬಿಡಿಸಿಕೊಂಡಿತು. ಅದರ ಹೊರ ಕವಚದಲ್ಲಿ ಎರಡು ಎಲೆಕ್ಟ್ರಾನುಗಳು. ಮೊದಲನೆಯದು 6.11 ಎಲೆಕ್ಟ್ರಾನ್‌ವೋಲ್ಟಿಗೆ ಕಳಚಿಕೊಳ್ಳುತ್ತದೆ. ಎರಡನೆಯದು ಅಯಾನಿನಲ್ಲೇ ಉಳಿದು, ಬೆಳಕನ್ನು ಹೀರಲು ಸದಾ ಸಿದ್ಧವಾಗಿರುತ್ತದೆ. ಆದ್ದರಿಂದಲೇ ಅದರ ರೇಖೆಗಳು ಅಷ್ಟು ದಟ್ಟ. ಹೈಡ್ರೋಜನ್ನಿನ ಸ್ಥಿತಿ ಇದಕ್ಕೆ ವಿರುದ್ಧ. ಅದರ ಅಯಾನೀಕರಣ ಶಕ್ತಿ 13.6. ಕಣ್ಣಿಗೆ ಕಾಣುವ ಬೆಳಕನ್ನು ಅದು ಹೀರಬೇಕಾದರೆ ಅದರ ಎಲೆಕ್ಟ್ರಾನು ಮೊದಲೇ ಎರಡನೆಯ ಮಟ್ಟಕ್ಕೆ ಏರಿರಬೇಕು, ಅದಕ್ಕೇ 10.2 ಎಲೆಕ್ಟ್ರಾನ್‌ವೋಲ್ಟು ಬೇಕು. ಸೂರ್ಯನ ಮೇಲ್ಮೈಯಲ್ಲಿ ಹತ್ತಾರು ಕೋಟಿ ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಮಾತ್ರ ಹಾಗಿರುತ್ತದೆ. ರೇಖೆಯ ದಟ್ಟಣೆಯನ್ನು ನೋಡಿ ಧಾತುವಿನ ಪ್ರಮಾಣವನ್ನು ಹೇಳುವುದೆಂದರೆ, ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಿದವರ ಕಡೆಯೇ ಹೆಚ್ಚು ಜನರಿದ್ದಾರೆಂದು ಎಣಿಸಿದಂತೆ.

ಹೀಲಿಯಂ ಇನ್ನೂ ಮೌನಿ. ಸೂರ್ಯನ ಕಪ್ಪು ರೇಖೆಗಳ ನಡುವೆ ಅದರ ಸಹಿ ಸಿಗುವುದೇ ಇಲ್ಲ. ಅದರ ಹಳದಿ ರೇಖೆ ಕಾಣುವುದು ಸೂರ್ಯನ ಅಂಚಿನಲ್ಲಿ, ಕಾದ ಹೊರ ವಲಯದ ಬೆಳಕಿನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ಭಾರತದ ಮೇಲೆ ಹಾದುಹೋದಾಗ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಇಂದಿನ ಕರ್ನಾಟಕದ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಮೊದಲಾದವರು ಸೂರ್ಯನ ಅಂಚಿನ ಜ್ವಾಲೆಗಳ ಹೊಳೆಯುವ ರೇಖೆಗಳನ್ನು ವೀಕ್ಷಿಸಿದರು. ಅಲ್ಲಿಯ ಹಳದಿ ರೇಖೆ ಸೋಡಿಯಂನದಲ್ಲ, ಹೊಸದೊಂದು ಧಾತುವಿನದೆಂದು ಇಂಗ್ಲೆಂಡಿನ ಲಾಕಿಯರ್ ಮುಂದೆ ತೀರ್ಮಾನಿಸಿದರು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ.

ಸಹಾ ತೋರಿದ ದಾರಿಯಲ್ಲಿ ಮುಂದೆ ಹೋದವರಲ್ಲಿ ಮುಖ್ಯರು ಸಿಸಿಲಿಯಾ ಪೇನ್. ಇಂಗ್ಲೆಂಡಿನಲ್ಲಿ ಓದಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯವನ್ನು ಸೇರಿದ್ದ ಆಕೆ, ಅಲ್ಲಿಯ ರೋಹಿತ ಚಿತ್ರಗಳಿಗೆ ಸಹಾ ಸಮೀಕರಣವನ್ನು ಅನ್ವಯಿಸಿದರು. 1925ರ ತಮ್ಮ ಪ್ರಬಂಧದಲ್ಲಿ ಅವರು ಪಡೆದ ಉತ್ತರ ಯಾರೂ ನಿರೀಕ್ಷಿಸದಿದ್ದುದು: ನಕ್ಷತ್ರಗಳಲ್ಲಿ ಹೈಡ್ರೋಜನ್ ಉಳಿದ ಧಾತುಗಳಿಗಿಂತ ಅಪಾರವಾಗಿ ಹೆಚ್ಚು. ಸೂರ್ಯನು ಭೂಮಿಯಂಥ ವಸ್ತುಗಳಿಂದಲೇ ಆದವನೆಂದು ಹಿರಿಯರು ನಂಬಿದ್ದ ಕಾಲ ಅದು. ಈ ಉತ್ತರ ಸಾಧ್ಯವಿಲ್ಲವೆಂದು ರಸೆಲ್ ಅಭಿಪ್ರಾಯಪಟ್ಟರು. ಇಪ್ಪತ್ತೈದರ ಹರೆಯದ ಪೇನ್ ತಮ್ಮ ಉತ್ತರ ಬಹುಶಃ ನಿಜವಲ್ಲವೆಂದು ಪ್ರಬಂಧದಲ್ಲಿಯೇ ಬರೆಯಬೇಕಾಯಿತು. ಆದರೆ ಅಂಕಿಗಳನ್ನು ಅವರು ತೆಗೆದುಹಾಕಲಿಲ್ಲ. ನಾಲ್ಕು ವರ್ಷಗಳ ಅನಂತರ, 1929ರಲ್ಲಿ, ಬೇರೆ ಮಾರ್ಗದಿಂದ ಅದೇ ತೀರ್ಮಾನಕ್ಕೆ ಬಂದ ರಸೆಲ್ ಅವರೇ ಪೇನ್ ಅವರ ಫಲಿತಾಂಶವನ್ನು ಒಪ್ಪಿಕೊಂಡರು. ಸೂರ್ಯನ ಹೊರ ಪದರಗಳ ತೂಕದಲ್ಲಿ ನೂರಕ್ಕೆ ಸುಮಾರು ಎಪ್ಪತ್ತನಾಲ್ಕು ಪಾಲು ಹೈಡ್ರೋಜನ್, ಉಳಿದುದರಲ್ಲಿ ಹೆಚ್ಚಿನದು ಹೀಲಿಯಂ ಎಂಬುದು ಈಗ ಸ್ಥಿರಪಟ್ಟ ಸಂಗತಿ. ಹತ್ತು ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಕ್ಯಾಲ್ಸಿಯಂ ಪರಮಾಣುಗಳು ಸುಮಾರು ಎರಡು ಮಾತ್ರ.

ಗಟ್ಟಿಯಾದ ರೇಖೆಗಳನ್ನು ಕಂಡವರು ಹಲವರು. ಮೌನವಾಗಿರುವ ಧಾತುಗಳು ಏಕೆ ಮೌನವಾಗಿವೆಯೆಂದು ಕೇಳಿದವರು ಕೆಲವರೇ. ಆ ಪ್ರಶ್ನೆಗೆ ಉತ್ತರ ದೊರೆತದ್ದು, ಪರಮಾಣುವಿನ ಹೊರ ಅಂಚಿನಲ್ಲಿರುವ ಎಲೆಕ್ಟ್ರಾನು ಎಷ್ಟು ಬಿಗಿಯಾಗಿ ಹಿಡಿಯಲ್ಪಟ್ಟಿದೆ ಎಂಬ ಚಿಕ್ಕ ಅಳತೆಯಿಂದ. ಒಲೆಯ ಉರಿಯಲ್ಲಿ ಉಪ್ಪಿನ ಹರಳು ಹಳದಿಯಾಗಿ ಬೆಳಗುವುದೂ, ಸೂರ್ಯನಲ್ಲಿ ರುಬಿಡಿಯಂ ಮರೆಯಾಗಿರುವುದೂ ಒಂದೇ ನಿಯಮದಿಂದ. ಎಂದೂ ತಿಳಿಯಲಾಗದೆಂದು ಕೋಂತ್ ಹೇಳಿದ್ದನ್ನು ಮನುಷ್ಯನು ತಿಳಿದುಕೊಂಡದ್ದು ನಕ್ಷತ್ರಗಳ ಬಳಿಗೆ ಹೋಗಿ ಅಲ್ಲ, ಪರಮಾಣುವಿನ ಒಳಗನ್ನು ಅರಿತು.