ಟ್ಯಾಬ್ ಒತ್ತಿದರೆ ಡೊಂಬಿವಲಿ

ಠಾಣೆ ದಾಟಿದ ಮೇಲೆ ಮುಂಬೈಯ ಸ್ಲೋ ಲೋಕಲ್ ರೈಲು ನಿಲ್ಲುವ ಸ್ಟೇಷನ್‌ಗಳು ಇಲ್ಲಿನವರಿಗೆ ನಿದ್ದೆಗಣ್ಣಲ್ಲೂ ಬಾಯಿಗೆ ಬರುತ್ತವೆ: ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ಠಾಣೆಯನ್ನೂ ಸೇರಿಸಿ, ಈ 8 ಹೆಸರಿನ ಫೋಲ್ಡರ್‌ಗಳನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಮಾಡಿಕೊಳ್ಳಿ. ಟರ್ಮಿನಲ್ ತೆರೆದು, ಫೋಲ್ಡರಿನೊಳಗೆ ಹೋಗುವ ‘ಸಿಡಿ’ ಆದೇಶ ಬರೆದು, ಪಕ್ಕದಲ್ಲಿ ‘ಡ’ ಎಂದಷ್ಟೇ ಟೈಪಿಸಿ ಟ್ಯಾಬ್ ಒತ್ತಿ. ‘ಡೊಂಬಿವಲಿ/’ ಎಂದು ಪೂರ್ತಿ ಹೆಸರು ಮೂಡುತ್ತದೆ.

ಸಾಮಾನ್ಯವಾಗಿ ಎಂಟರ್ ಒತ್ತುವವರೆಗೂ ಬರೆದ ಸಾಲು ಪ್ರೋಗ್ರಾಮಿಗೆ ತಲುಪುವುದಿಲ್ಲ. ಟರ್ಮಿನಲ್‌ನಲ್ಲಿ ನಮ್ಮ ಆದೇಶಗಳನ್ನು ಓದಿ ನಡೆಸುವ ಬ್ಯಾಷ್ ಎಂಬ ಶೆಲ್ ಬಳಸುವ ರೀಡ್‌ಲೈನ್ ತಂತ್ರಾಂಶ ಈ ಕಟ್ಟಳೆಯನ್ನು ಬದಲಿಸಿ, ಒಂದೊಂದು ಕೀಲಿಯನ್ನೂ ಒತ್ತಿದ ಕೂಡಲೇ ತಾನೇ ಪಡೆಯುತ್ತದೆ. ಬಂದದ್ದು ಟ್ಯಾಬ್ ಆದರೆ ಕರ್ಸರಿನ ಹಿಂದಿನ ಪದವನ್ನು ಎತ್ತಿಕೊಂಡು, ಫೋಲ್ಡರ್ ತೆರೆದು, ಅಲ್ಲಿರುವ ಒಂದೊಂದು ಹೆಸರಿನ ಮೊದಲ ಭಾಗವನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಒಂದೇ ಹೆಸರು ಹೊಂದಿದರೆ ಉಳಿದದ್ದನ್ನು ತುಂಬುತ್ತದೆ. ಅದು ಫೋಲ್ಡರ್ ಆಗಿದ್ದರೆ ಕೊನೆಗೊಂದು ಓರೆಗೆರೆ, ಬರೀ ಫೈಲ್ ಆಗಿದ್ದರೆ ಖಾಲಿ ಜಾಗ. ಓರೆಗೆರೆ ಬಿತ್ತೆಂದರೆ ಮುಂದಿನ ಟ್ಯಾಬ್ ಆ ಫೋಲ್ಡರಿನ ಒಳಗೇ ಹುಡುಕುತ್ತದೆ.

‘ಠ’ ಬರೆದು ಟ್ಯಾಬ್ ಒತ್ತಿ ನೋಡಿ. ಠಾಣೆ, ಠಾಕುರ್ಲಿ ಎರಡೂ ಹೊಂದುತ್ತವೆ. ಶೆಲ್ ‘ಠಾ’ ಎಂದು ಮಾಡಿ ನಿಂತುಬಿಡುತ್ತದೆ. ನನಗೆ ಈ ಯಂತ್ರದಲ್ಲಿ ಬಹಳ ಹಿಡಿಸುವುದು ಈ ನಿಲ್ಲುವಿಕೆ. ಮೊಬೈಲ್ ಕೀಬೋರ್ಡ್ ನಮ್ಮ ಅಭ್ಯಾಸ ನೋಡಿ ಊಹಿಸುತ್ತದೆ. ನೀವು ದಿನಾ ಠಾಣೆಗೇ ಹೋಗುತ್ತಿದ್ದರೂ ಶೆಲ್ ಹಾಗೆ ಊಹಿಸುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಯಾವುದೇ ಇರಲಿ, ಎರಡಕ್ಕೂ ಸರಿಯಾಗುವಷ್ಟನ್ನೇ ಬರೆಯುತ್ತದೆ.

ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡುವ ಈ ಉಪಾಯ 1970ರ ದಶಕದ ಟೆನೆಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲೇ ಇತ್ತು. ಅಲ್ಲಿ ಒತ್ತಬೇಕಿದ್ದದ್ದು ಎಸ್ಕೇಪ್ ಕೀಲಿ. ಆ ಉಪಾಯವನ್ನು ಯೂನಿಕ್ಸಿನ ಸಿ-ಶೆಲ್‌ಗೆ ತಂದವರು ಕೆನ್ ಗ್ರೀರ್. ಆ ಶೆಲ್ ‘ಟಿಸಿಶೆಲ್’ ಆಯಿತು. ಅದರ ‘ಟಿ’ ಟೆನೆಕ್ಸಿನದು.

‘ಕ’ದ ಕಥೆ ಕನ್ನಡದವರಿಗೆ ವಿಶೇಷ. ‘ಕ’ ಬರೆದು ಟ್ಯಾಬ್ ಎರಡು ಸಲ ಒತ್ತಿದರೆ ಕಲ್ಯಾಣ, ಕಳವಾ ಜೊತೆಗೆ ಕೋಪರ್ ಕೂಡ ಪಟ್ಟಿಯಲ್ಲಿ ಬರುತ್ತದೆ. ನಮಗೆ ‘ಕ’ ಬೇರೆ, ‘ಕೋ’ ಬೇರೆ ಅಕ್ಷರ. ಯೂನಿಕೋಡಿನಲ್ಲಿ ‘ಕೋ’ ಎಂದರೆ ‘ಕ’ಕಾರ, ಅದರ ನಂತರ ಓತ್ವದ ಚಿಹ್ನೆ. ಹಾಗಾಗಿ ಶೆಲ್ಲಿನ ಲೆಕ್ಕದಲ್ಲಿ ಕೋಪರ್ ‘ಕ’ದಿಂದಲೇ ಶುರು. ‘ಕ’ಕ್ಕೆ ಓತ್ವವನ್ನಷ್ಟೇ ಸೇರಿಸಿ ಟ್ಯಾಬ್ ಒತ್ತಿ, ಕೋಪರ್ ಬಂತು.

ಆದರೆ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಹೀಗೆ ಎರಡು ಬಗೆಯಲ್ಲಿ ಫೋಲ್ಡರ್ ಮಾಡಿದರೆ ಲಿನಕ್ಸಿನಲ್ಲಿ ಎರಡು ಕೋಪರ್ ಅಕ್ಕಪಕ್ಕ ಕೂರುತ್ತವೆ. ನೀವು ಒಂದೇ ಸಂಕೇತದ ಓತ್ವ ಬರೆದು ಟ್ಯಾಬ್ ಒತ್ತಿದರೆ ಸಿಗುವುದು ಅವುಗಳಲ್ಲಿ ಒಂದು ಮಾತ್ರ.